ಸಿನೆಮಾದವರಿಗೆ ಹೇಳಿದ ಕನಸು

ನಮ್ಮ ಮನೆಯ ಮುಂಬಾಗಿಲಿಗೆ ಈಗ ನೀಲಿ ಬಣ್ಣ. ಬೆಳಿಗ್ಗೆ ಆರೂವರೆಗೆ ಹಾಲಿನ ಪಾಕೀಟು ತೆಗೆದುಕೊಳ್ಳಲು ಅದನ್ನು ತೆರೆಯುತ್ತೇನೆ, ಅಲ್ಲಿಂದಲೇ ನನ್ನ ದಿನದ ಸಿಟ್ಟು ಶುರುವಾಗುತ್ತದೆ. ಬಿ.ಪಿ. ಇದೆ, ಸಿಟ್ಟು ಮಾಡಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಡಾಕ್ಟರು ಆ ಬಾಗಿಲನ್ನು ನೋಡಿಲ್ಲ. ಅದು ಆಕಾಶದ ನೀಲಿಯಲ್ಲ, ನವಿಲಿನ ನೀಲಿಯೂ ಅಲ್ಲ. ಬಿಳಿ ಬಟ್ಟೆಗೆ ಹಾಕುವ ನೀಲಿಯ ಬಾಟಲಿ ಮಗುಚಿ ಬಿದ್ದಂಥ ನೀಲಿ. "ಕನಸಿನ ಸೀನ್‌ಗೆ ಬೇಕು ಮೇಡಂ, ಶೂಟಿಂಗ್ ಮುಗಿದ ಮಾರನೇ ದಿನವೇ ಕೆರೆದು ಮೊದಲಿನ ಥರ ಮಾಡಿಕೊಡ್ತೀವಿ" ಎಂದು ಹೇಳಿ ಬಳಿದು ಹೋದವರು ಹೋದರು. ಒಂದೂವರೆ ವರ್ಷವಾಯಿತು. ನಾನೇ ಒಂದು ಭಾನುವಾರ ಉಜ್ಜುಗಾಗದ ಹಿಡಿದು ಕುಳಿತೆ. ಮೂಲೆಯಲ್ಲಿ ಅಂಗೈಯಷ್ಟು ಜಾಗ ಕೆರೆಯುವಷ್ಟರಲ್ಲಿ ಹೆಬ್ಬೆರಳಿನ ಚರ್ಮ ಹೋಯಿತು, ಬಣ್ಣ ಹೋಗಲಿಲ್ಲ.

ಸಿಟ್ಟಿನ ವಿಷಯದಲ್ಲಿ ನನಗೆ ಮೊದಲಿನಿಂದಲೂ ಸ್ವಲ್ಪ ಹೆಸರಿದೆ. ಕಂಪ್ಲಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹುಡುಗರು ಬೆನ್ನ ಹಿಂದೆ ನನ್ನನ್ನು ಗುಂಟೂರು ಮೇಡಂ ಎನ್ನುತ್ತಾರೆ, ಅಲ್ಲಿಯ ಮೆಣಸಿನಕಾಯಿಯ ಗೌರವಾರ್ಥ. ನನಗೆ ಗೊತ್ತಿಲ್ಲವೆಂದು ತಿಳಿದಿದ್ದಾರೆ, ಪಾಪ. ಕಮಲಾಪುರದ ನಮ್ಮ ಮನೆಯಿಂದ ದಿನಾ ಬಸ್ಸಿನ ಓಡಾಟ. ಒಮ್ಮೆ ಯಾರೋ ಟವೆಲ್ಲು ಹಾಕಿ ಸೀಟು ಹಿಡಿದಿದ್ದನ್ನು ಕಂಡು ಸಿಟ್ಟು ಬಂದು, ಆ ಟವೆಲ್ಲನ್ನು ಕಿಟಕಿಯಿಂದ ಹೊರಗೆ ಬಿಸಾಡಿದೆ. ಅದು ಕಂಡಕ್ಟರನದಾಗಿತ್ತು. ಬಸ್ಸು ನಿಲ್ಲಿಸಿ, ಅವನು ಕಬ್ಬಿನ ಗದ್ದೆಯ ಬದುವಿಗಿಳಿದು ಟವೆಲ್ಲು ಝಾಡಿಸಿಕೊಂಡು ಬರುವವರೆಗೂ ಬಸ್ಸಿನ ತುಂಬ ಜನ ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದರು. ಹೀಗಾಗಿ ನಾಗವೇಣಿ ಟೀಚರಿಗೆ ಸಿಟ್ಟು ಬಂದಿದೆ ಎಂದರೆ ನಮ್ಮ ಓಣಿಯಲ್ಲಿ ಯಾರೂ ಕಾರಣ ಕೇಳುವುದಿಲ್ಲ. ಈ ಸಲವಾದರೂ ಕೇಳಬೇಕಿತ್ತು. ಕೇಳಲಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಆ ಸಿನೆಮಾದ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಹೋಗಿ ನೋಡುತ್ತೀರಿ. ಸೈಕಲಾಜಿಕಲ್ ಥ್ರಿಲ್ಲರ್ ಅಂತೆ. ಯಾವುದು ಕನಸು, ಯಾವುದು ನಿಜ ಎಂದು ನೋಡುವವರಿಗೆ ತಿಳಿಯದ ಹಾಗೆ ಮಾಡುವುದೇ ಅದರ ಜಾಣತನವಂತೆ. ಹಂಪಿಯ ಬಂಡೆಗಳ ನಡುವೆ ಒಂದು ತಿಂಗಳು ಶೂಟಿಂಗು. ನಾಯಕನ ಬಾಲ್ಯದ ಮನೆಗೆಂದು ಹಳೆಯ ಮನೆ ಹುಡುಕುತ್ತ ಕಮಲಾಪುರಕ್ಕೆ ಬಂದವರಿಗೆ ನಮ್ಮದು ಹಿಡಿಸಿತು: ನಡುವೆ ಅಂಗಳ, ಅಂಗಳದಿಂದ ಮಾಳಿಗೆಗೆ ಕಲ್ಲಿನ ಮೆಟ್ಟಿಲು, ಬಗ್ಗದಿದ್ದರೆ ತಲೆ ಒಡೆಯುವ ಬಾಗಿಲುಗಳು. ಈ ಮನೆಯಲ್ಲಿರುವುದು ಇಬ್ಬರೇ: ಐವತ್ತೆರಡರ ನಾನು, ಎಂಬತ್ತರ ಅವ್ವ. ನಾನು ಮದುವೆಯಾಗಲಿಲ್ಲ. ಯಾಕೆ ಎನ್ನುವುದಕ್ಕೆ ಓಣಿಯಲ್ಲಿ ಮೂರು ಬೇರೆ ಬೇರೆ ಕಥೆಗಳಿವೆ. ಮೂರೂ ನಡೆದದ್ದಕ್ಕಿಂತ ಚೆನ್ನಾಗಿರುವುದರಿಂದ ನಾನು ತಿದ್ದಲು ಹೋಗಿಲ್ಲ.

ನಿರ್ದೇಶಕ ಬೆಂಗಳೂರಿನವನು, ಮೂವತ್ತರ ಆಸುಪಾಸು, ಬಿಸಿಲಿಗೆ ಸುಟ್ಟು ಕೆಂಪಾದ ಮೂಗು. ಒಳ್ಳೆಯ ಹುಡುಗ ಎಂದೇ ಅನಿಸಿತ್ತು. ಚಪ್ಪಲಿ ಹೊರಗೆ ಬಿಡುತ್ತಿದ್ದ, ಅವ್ವನನ್ನು ಅಜ್ಜಿ ಎನ್ನುತ್ತಿದ್ದ, ನಮ್ಮ ಒಗ್ಗರಣೆ ಮಂಡಕ್ಕಿಯನ್ನು ಎರಡು ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದ. ಮೆಣಸಿನಕಾಯಿ ಬಜ್ಜಿ ಕಚ್ಚಿ ಕಣ್ಣಲ್ಲಿ ನೀರು ತುಂಬಿಕೊಂಡರೂ "ಸೂಪರ್ ಮೇಡಂ" ಎನ್ನುವಷ್ಟು ಮರ್ಯಾದೆಸ್ಥ. ಅವನಿಗೊಂದು ಅಭ್ಯಾಸವಿತ್ತು. ಯಾರೇ ಸಿಕ್ಕಲಿ, "ನಿಮಗೆ ಪದೇ ಪದೇ ಬೀಳೋ ಕನಸು ಯಾವುದು?" ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ.

ನಮ್ಮ ಓಣಿಯಲ್ಲಿ ಹಬ್ಬವೇ ಆಯಿತು. ಇಷ್ಟು ವರ್ಷ ಯಾರೂ ಯಾರ ಕನಸನ್ನೂ ಕೇಳಿದ್ದಿಲ್ಲ. ಎದುರುಮನೆಯ ಹುಲಿಗೆಮ್ಮ ಎಲ್ಲರಿಗಿಂತ ಮೊದಲು ಬಂದು ಕುಳಿತಳು. ಅವಳು ಕನಸಿನಲ್ಲಿ ಮರಿಯಮ್ಮನಹಳ್ಳಿಗೆ ಬಸ್ಸು ಹತ್ತುತ್ತಾಳೆ, ಕಂಡಕ್ಟರ್ ಬಂದು ಟಿಕೀಟು ಕೇಳುತ್ತಾನೆ, ತಲೆ ಎತ್ತಿ ನೋಡಿದರೆ ಸತ್ತುಹೋದ ಅವಳ ಅತ್ತೆ. "ಸತ್ತ ಮ್ಯಾಲೂ ಬಿಡವಲ್ಲಳು ನೋಡ್ರಿ, ಖಾಕಿ ಅಂಗಿ ಹಾಕ್ಕೊಂಡು ಬರ್ತಾಳ" ಎಂದು ಹೇಳಿ ತಾನೇ ನಕ್ಕಳು. ಬಾಳೆಕಾಯಿ ವ್ಯಾಪಾರದ ಒಬ್ಬನಿಗೆ ಲಾರಿ ತುಂಬುವಷ್ಟರಲ್ಲಿ ಗೊನೆಗೊನೆಯೇ ಹಣ್ಣಾಗಿ ಉದುರುವ ಕನಸು. ಮೂಲೆಮನೆಯ ಮುದುಕ "ನಿದ್ದಿ ಬಂದ್ರಲ್ಲೇನು ಕನಸು ಬೀಳಾದು?" ಎಂದು ಬೈದು ಹೋದ.

ಒಂದು ಮಧ್ಯಾಹ್ನ ಮೋಡ ಕವಿದು ಶೂಟಿಂಗು ನಿಂತಿತ್ತು. ಅವ್ವ ಒಳಗೆ ಮಲಗಿದ್ದಳು. ಅಂಗಳದ ಮೆಟ್ಟಿಲ ಮೇಲೆ ಅವನು, ಕೆಳಗೆ ಅಕ್ಕಿ ಆರಿಸುತ್ತ ನಾನು. "ಮೇಡಂ, ನಿಮ್ಮದು ಹೇಳಲೇ ಇಲ್ಲ" ಎಂದ. ಗಣಿತದವರಿಗೆ ಕನಸೆಲ್ಲಿಂದ ಎಂದೇನೋ ಹಾರಿಕೆಯ ಮಾತು ಹೇಳಬೇಕೆಂದಿದ್ದೆ. ಬಾಯಿ ಬೇರೆಯದನ್ನೇ ಹೇಳಿತು.

"ಒಂದು ಹುಡುಗಿ ಬರ್ತಾಳ. ಏಳು ವರ್ಷದಾಕಿ. ಕಾಲುವಿ ಮೆಟ್ಲ ಮ್ಯಾಲೆ ನಿಂತಿರ್ತಾಳ. ತಲಿಗೆ ಒಂದ ಜಡಿ, ಕೆಂಪು ರಿಬ್ಬನ್. ಇನ್ನೊಂದು ಕಡೆ ಕೂದ್ಲಾ ಬಿಚ್ಚಿದ್ದು ಹಂಗ ಇರ್ತೈತಿ. ಮೈಯೆಲ್ಲ ಒಣಗಿರ್ತೈತಿ, ಕೂದ್ಲಿಂದ ಮಾತ್ರ ನೀರು ಸೋರ್ತಿರ್ತೈತಿ. 'ಅಕ್ಕಾ, ಇನ್ನೊಂದು ಜಡಿ?' ಅಂತ ಕೇಳ್ತಾಳ. ನಾ ಹಣಿಗಿ ಹುಡುಕ್ತೀನಿ, ಸಿಗಂಗಿಲ್ಲ. ಅಷ್ಟ."

ಅವನ ಪೆನ್ನು ನಿಂತೇ ಇರಲಿಲ್ಲ. ಬರೆದು ಮುಗಿಸಿ, "ಮೇಡಂ, ಮೈ ಜುಂ ಅಂತು" ಎಂದ. ನಾನು ಅಕ್ಕಿಯ ಮೊರ ಎತ್ತಿಕೊಂಡು ಒಳಗೆ ಹೋದೆ. ನಾಚಿಕೆಯಾಗಿತ್ತು. ಆದರೆ ಎದೆಯಲ್ಲಿ ಏನೋ ಹಗುರಾಗಿತ್ತು ಎನ್ನುವುದನ್ನೂ ಒಪ್ಪಿಕೊಳ್ಳಬೇಕು.

ನಾನು ಅವನಿಗೆ ಹೇಳದೆ ಬಿಟ್ಟದ್ದು ಇಷ್ಟು. ಆ ಹುಡುಗಿ ನನ್ನ ತಂಗಿ ಪಂಪಾವತಿ. ನಮಗೆಲ್ಲ ಪಂಪಿ. ನನಗಿಂತ ನಾಲ್ಕು ವರ್ಷ ಸಣ್ಣವಳು. ಯಾವುದನ್ನೂ ಕೇಳಿ ನಂಬುವವಳಲ್ಲ, ಹೋಗಿ ನೋಡಬೇಕು. ಊರ ಹೊರಗೆ ಟೆಂಟಿನ ಟಾಕೀಸು ಬಂದಾಗ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿದ್ದರು. ಪರದೆಯ ಮೇಲೆ ಒಂದು ಮನೆ, ಅದರೊಳಗೆ ಒಬ್ಬಳು ತಾಯಿ ಅಳುತ್ತಿದ್ದಳು. ಪಂಪಿ ಎದ್ದು, ಮರಳಿನ ಮೇಲೆ ಕುಳಿತವರ ಕಾಲು ತುಳಿಯುತ್ತ ಪರದೆಯ ಹಿಂದಕ್ಕೆ ಹೋಗಿ ನೋಡಿ ಬಂದಳು. ಬಂದವಳು ನನ್ನ ಕಿವಿಯಲ್ಲಿ, "ಅಕ್ಕಾ, ಅಲ್ಲಿ ಯಾರೂ ಇಲ್ಲ, ಒಂದು ನಾಯಿ ಮಲಗೈತಿ" ಎಂದಳು. ಆಮೇಲೆ ಆರಾಮಾಗಿ ಕುಳಿತು ಸಿನೆಮಾ ನೋಡಿದಳು. ಜೇಬಿರುವ ಫ್ರಾಕು ಬೇಕೆಂದು ಹಟ ಮಾಡಿ ಹೊಲಿಸಿಕೊಂಡಿದ್ದಳು. ಅದರೊಳಗೆ ಹುಣಿಸೆಹಣ್ಣು ಇಟ್ಟುಕೊಂಡು, ಕೇಳಿದರೆ ಸೀಮೆಸುಣ್ಣ ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಮನೆ ಹಿಂದಿನ ಕಾಲುವೆಯಲ್ಲಿ ಜಾರಿ ಹೋದಳು. ಕಾಲುವೆಯ ಮೆಟ್ಟಿಲಿಗೆ ಪಾಚಿ ಇತ್ತು, ನೀರು ಬಿಟ್ಟು ಎರಡು ದಿನವಾಗಿತ್ತು. ಅಷ್ಟೇ.

ನನಗೆ ನೆನಪಿದ್ದದ್ದು ಇದು: ಆ ಬೆಳಿಗ್ಗೆ ಅವಳಿಗೆ ಜಡೆ ಹಾಕುತ್ತಿದ್ದವಳು ನಾನು. ಒಂದು ಜಡೆ ಆಯಿತು. ಅವಳು ಮಿಸುಕಾಡಿದಳು, ಬೈತಲೆ ಸೊಟ್ಟ ಬಂತು, ನನಗೆ ಸಿಟ್ಟು ಬಂತು. ಹನ್ನೊಂದು ವರ್ಷಕ್ಕೇ ಸಿಟ್ಟು ಇಷ್ಟಿತ್ತು. ಹಣಿಗೆ ಒಗೆದು, "ಹೋಗಲೇ, ಆಮ್ಯಾಲೆ ಬಾ" ಎಂದೆ. ಅವಳು ಹೋದಳು.

ಅದಾದ ಮೂರನೆಯ ದಿನಕ್ಕೆ ನನ್ನನ್ನು ಸಂಡೂರಿನ ಸೋದರತ್ತೆಯ ಮನೆಗೆ ಕಳಿಸಿದರು. ಅಲ್ಲಿ ಎರಡು ವರ್ಷ ಓದಿದೆ. ಆ ಊರಿನ ಕೆಂಪು ಧೂಳು ಪುಸ್ತಕದ ಹಾಳೆಗಳ ನಡುವೆಯೂ ಇರುತ್ತಿತ್ತು. ಈಗಲೂ ಹಳೆಯ ನೋಟ್‌ಬುಕ್ಕು ಕೊಡವಿದರೆ ಬೆರಳು ಕೆಂಪಾಗುತ್ತದೆ. ಕನಸು ಬೀಳಲು ಶುರುವಾದದ್ದು ಅಲ್ಲಿ. ವಾಪಸು ಬಂದಾಗ ಮನೆಯಲ್ಲಿ ಅವಳ ಫ್ರಾಕಿಲ್ಲ, ಸ್ಲೇಟಿಲ್ಲ, ಹೆಸರೂ ಇಲ್ಲ. ಫೋಟೋ ಮೊದಲೇ ಇರಲಿಲ್ಲ. ಹೊಸಪೇಟೆಯ ಸ್ಟುಡಿಯೋಕ್ಕೆ ಹೋಗಿ ನಾಲ್ವರೂ ಕೂಡಿ ತೆಗೆಸಿಕೊಳ್ಳೋಣ ಎಂದು ಅಪ್ಪ ಹೇಳುತ್ತಲೇ ಇದ್ದರು. ಯಾರಾದರೂ ಅವಳ ಮಾತು ಎತ್ತಿದರೆ ಅವ್ವ ಎದ್ದು ಒಳಗೆ ಹೋಗುತ್ತಿದ್ದಳು. ನಾನೂ ಎತ್ತಲಿಲ್ಲ. ಎತ್ತಿದರೆ ಹಣಿಗೆಯ ವಿಷಯ ಹೇಳಬೇಕಲ್ಲ. ಅಪ್ಪ ಹೋದರು, ಸೋದರತ್ತೆ ಹೋದರು. ಪಂಪಿಯನ್ನು ಕಂಡವರು ಎಂದು ಉಳಿದದ್ದು ಒಂದೇ ಮನೆಯಲ್ಲಿ, ಒಬ್ಬರಿಗೊಬ್ಬರು ಏನೂ ಹೇಳದ ಇಬ್ಬರು ಹೆಂಗಸರು.

ಸಿನೆಮಾ ಬಿಡುಗಡೆಯಾದ ವಾರ ಹುಲಿಗೆಮ್ಮ ನನ್ನನ್ನು ಹೊಸಪೇಟೆಗೆ ಎಳೆದುಕೊಂಡು ಹೋದಳು. ಭಾನುವಾರದ ಮ್ಯಾಟಿನಿ. ಅವಳು ಅದರಲ್ಲಿ ಕೊಡ ಹೊತ್ತು ನಡೆಯುತ್ತಾಳೆ, ಎರಡು ಸಲ. ಮೊದಲ ಸಲ ಅವಳ ಬೆನ್ನು ಕಂಡಾಗ ನಾವಿಬ್ಬರೇ ಚಪ್ಪಾಳೆ ಹೊಡೆದೆವು. ಆಮೇಲೆ ನಮ್ಮ ಬಾಗಿಲು ಬಂತು, ನೀಲಿ. ಬಾಗಿಲು ತೆರೆಯಿತು. ಕಾಲುವೆ. ಮೆಟ್ಟಿಲು. ಮೆಟ್ಟಿಲ ಮೇಲೆ ಒಂದು ಹುಡುಗಿ. ಒಂದು ಕಡೆ ಜಡೆ, ಕೆಂಪು ರಿಬ್ಬನ್ನು, ಇನ್ನೊಂದು ಕಡೆ ಬಿಚ್ಚಿದ ಕೂದಲು, ಅದರಿಂದ ಸೋರುವ ನೀರು. "ಅಣ್ಣಾ, ಇನ್ನೊಂದು ಜಡೆ?" ಎಂದಳು.

ಅಕ್ಕ ಹೋಗಿ ಅಣ್ಣ ಬಂದಿದ್ದ. ಬೇರೆಲ್ಲ ಹಾಗೇ ಇತ್ತು. ಹುಲಿಗೆಮ್ಮ ನನ್ನ ಕೈ ಮುಟ್ಟಿ, "ಟೀಚರಮ್ಮ, ಕೈ ಯಾಕ ಹಿಂಗ ತಣ್ಣಗಾಗೈತಿ, ಎ.ಸಿ. ಜಾಸ್ತಿ ಆತೇನು?" ಎಂದಳು. ನಾನು ತಡೆದುಕೊಂಡೆ. ನಿಜ ಹೇಳುತ್ತೇನೆ, ಮೊದಲು ಬಂದದ್ದು ಸಿಟ್ಟಲ್ಲ. ಆ ಹುಡುಗಿಯನ್ನು ಅಷ್ಟು ದೊಡ್ಡದಾಗಿ, ಅಷ್ಟು ಜನರ ನಡುವೆ ನೋಡಿದಾಗ, ಬಂದಳಲ್ಲ ಎನಿಸಿತು.

ಕಥೆ ಸಾಗಿತು. ನಾಯಕ ಹಂಪಿಗೆ ಬಂದ ಸರ್ಕಾರಿ ಅಧಿಕಾರಿ. ನಿದ್ದೆ ಹೋದಾಗೆಲ್ಲ ತಂಗಿ ಬಂದು ದಾರಿ ತೋರಿಸುತ್ತಾಳೆ, ಅವಳು ತೋರಿಸಿದ ಕಡೆ ಹೋದರೆ ಹೆಣ. ಇಂಟರ್‌ವಲ್ಲಿಗೆ ಸ್ವಲ್ಪ ಮೊದಲು ಮಾನಸಿಕ ತಜ್ಞೆಯ ಕೋಣೆ. ಅವನು ಅಳುತ್ತ ತಂಗಿಯ ಕಥೆಯೆಲ್ಲ ಹೇಳುತ್ತಾನೆ. ಆಕೆ ಕನ್ನಡಕ ತೆಗೆದು ನಿಧಾನವಾಗಿ ಹೇಳುತ್ತಾಳೆ: "ನಿಮಗೆ ತಂಗಿ ಅಂತ ಯಾರೂ ಇರಲೇ ಇಲ್ಲ. ನೀವು ಒಬ್ಬನೇ ಮಗ. ಆ ಹುಡುಗಿ ನಿಮ್ಮ ಮನಸ್ಸು ಕಟ್ಟಿದ ಸುಳ್ಳು."

ಸಂಗೀತ ನಿಂತು ಇಡೀ ಥಿಯೇಟರು ಒಂದು ಕ್ಷಣ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ನಾನು ಎದ್ದು ನಿಂತು ಕೂಗಿದೆ: "ಇದ್ಳು! ಇದ್ಳಲೇ!"

ಗಣಿತದ ಟೀಚರಿನ ಗಂಟಲು. ಮೈಕು ಬೇಕಾಗಿಲ್ಲ. ಹಿಂದಿನಿಂದ ಶಿಳ್ಳೆ ಬಂತು. "ಕುಂದ್ರಬೇ, ಕಾಣವಲ್ದು" ಎಂದು ಒಬ್ಬ. "ಏ, ಈಯಮ್ಮ ಸಿನೆಮಾದವರ ಕಡೆಯಾಕಿ, ಪಬ್ಲಿಸಿಟಿ ಐತಿ ಇದು, ಮಸ್ತ್!" ಎಂದು ಇನ್ನೊಬ್ಬ. ಹುಲಿಗೆಮ್ಮ ಸೆರಗು ಹಿಡಿದು ಜಗ್ಗುತ್ತ, "ಟೀಚರಮ್ಮ, ಕುಂದರ್ರಿ, ಸಿನೆಮಾ ಐತ್ರಿ ಅದು" ಎಂದಳು. ಇಂಟರ್‌ವಲ್ಲಿನ ದೀಪಗಳು ಹತ್ತಿದವು. ಎಲ್ಲರೂ ನನ್ನನ್ನು ನೋಡಿದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಾಪ್‌ಕಾರ್ನಿನ ಪೊಟ್ಟಣದ ಹಿಂದೆ ಮುಖ ಮರೆಸಿಕೊಂಡ.

ನಾನು ಹೊರಗೆ ಬಂದು ಥಿಯೇಟರಿನ ಅಂಗಳದ ಕಟ್ಟೆಯ ಮೇಲೆ ಕುಳಿತೆ. ಹುಲಿಗೆಮ್ಮ ಬಾಗಿಲಲ್ಲಿ ನಿಂತು ಒದ್ದಾಡಿದಳು. ಅವಳ ಎರಡನೆಯ ಕೊಡ ಇನ್ನೂ ಬರಬೇಕಿತ್ತು. "ಹೋಗು, ನೋಡ್ಕೊಂಡು ಬಾ" ಎಂದೆ. ಹೀಗಾಗಿ ಕೊನೆಗೆ ನಾಯಕ ಎಚ್ಚರಾದನೋ, ಎಚ್ಚರಾದದ್ದೂ ಕನಸೋ, ನನಗೆ ಇವತ್ತಿಗೂ ಗೊತ್ತಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಮೂವರು ಅದನ್ನೇ ಚರ್ಚಿಸುತ್ತ ಕಮಲಾಪುರದವರೆಗೂ ಜಗಳಾಡಿದರು. ಒಬ್ಬನ ಟವೆಲ್ಲು ನನ್ನ ಪಕ್ಕದ ಸೀಟಿನ ಮೇಲಿತ್ತು. ಮುಟ್ಟಲಿಲ್ಲ. ಆ ಸಿಟ್ಟಿಗೆ ಟವೆಲ್ಲು ಸಾಲುತ್ತಿರಲಿಲ್ಲ.

ಮರುದಿನ ಶಾಲೆಯ ಊಟದ ಬಿಡುವಿನಲ್ಲಿ, ಬೇವಿನ ಮರದ ಕೆಳಗೆ ನಿಂತು ನಿರ್ದೇಶಕನಿಗೆ ಫೋನು ಹಚ್ಚಿದೆ. ಮೂರನೆಯ ಸಲಕ್ಕೆ ಎತ್ತಿದ. ನನ್ನ ದನಿ ಕೇಳಿ ಬಹಳ ಖುಷಿಯಾದ.

"ಮೇಡಂ! ನೋಡಿದ್ರಾ? ನಿಮ್ಮ ಕನಸೇ ನಮ್ಮ ಇಂಟರ್‌ವಲ್ ಬ್ಲಾಕ್. ಎಲ್ಲರೂ ಆ ಸೀನ್ ಬಗ್ಗೇನೇ ಮಾತಾಡ್ತಿದಾರೆ."

"ಆಕಿ ಇರ್ಲೇ ಇಲ್ಲ ಅಂತ ಯಾಕ ಹೇಳ್ಸಿದ್ರಿ?"

"ಅರ್ಥ ಆಗಲಿಲ್ಲ ಮೇಡಂ."

"ಆ ಹುಡುಗಿ. ನನ್ನ ತಂಗಿ. ಕಾಲುವಿಯಾಗ ಹೋದಾಕಿ. ಆಕಿ ಸುಳ್ಳು ಅಂತ ಊರ ಮುಂದ ಹೇಳ್ಸಿದ್ರಲ್ಲ, ನಿಮಗ ಯಾರು ಹೇಳಿದ್ರು ಹಂಗಂತ?"

ಅವನು ಸಣ್ಣ ದನಿಯಲ್ಲಿ, "ಮೇಡಂ, ನಿಮಗೆ ನಿಜವಾಗ್ಲೂ ತಂಗಿ ಇದ್ರಾ? ನೀವು ಒಂದು ಹುಡುಗಿ ಅಂದಿದ್ರಿ. ನಾನು ಅದೂ ಕನಸೇ ಅಂದ್ಕೊಂಡೆ" ಎಂದ.

ಅವನು ಹೇಳಿದ್ದು ನಿಜವಾಗಿತ್ತು. ಒಂದು ಹುಡುಗಿ ಎಂದಿದ್ದೆ. ನನ್ನ ತಂಗಿ ಎಂದಿರಲಿಲ್ಲ, ಪಂಪಿ ಎಂದಿರಲಿಲ್ಲ. ಅವನೇನೋ "ಕ್ಷಮಿಸಿ ಮೇಡಂ, ಬೇಕಾದ್ರೆ ನಿಮ್ಮ ಹೆಸರನ್ನ ಕೃತಜ್ಞತೆಯಲ್ಲಿ" ಎನ್ನುತ್ತಿದ್ದ. ಫೋನು ಇಟ್ಟೆ. ಆ ಮಧ್ಯಾಹ್ನ ಒಂಬತ್ತನೆಯ ತರಗತಿಗೆ ಒಂದೇ ಲೆಕ್ಕವನ್ನು ಎರಡು ಸಲ ತಪ್ಪು ಮಾಡಿದೆ. ತಪ್ಪು ಎಂದು ತೋರಿಸಿದ ಹುಡುಗಿಗೆ ಬೈದೆ. ಆಮೇಲೆ ಅವಳನ್ನು ಕರೆದು ತಪ್ಪಾಯಿತು ಎಂದೂ ಹೇಳಿದೆ. ಅವಳು ಎರಡನೆಯದಕ್ಕೇ ಹೆಚ್ಚು ಹೆದರಿದಳು.

ಸಂಜೆ ಮನೆಗೆ ಬಂದರೆ ಅವ್ವ ಅಂಗಳದ ನಡುವೆ ಕುರ್ಚಿ ಹಾಕಿಕೊಂಡು ನೆಟ್ಟಗೆ ಕುಳಿತಿದ್ದಳು. ಹುಲಿಗೆಮ್ಮ ಎಲ್ಲವನ್ನೂ ಹೇಳಿ ಹೋಗಿದ್ದಳು: ಒಂದು ಜಡೆ, ರಿಬ್ಬನ್ನು, ಕಾಲುವೆ, ತಂಗಿಯೇ ಇರಲಿಲ್ಲ ಎಂದ ಆ ತಜ್ಞೆಯ ಮಾತು, ನಾನು ಕೂಗಿದ್ದು.

"ಏನು ಹೇಳಿದ್ದಿ ಆ ಸಿನೆಮಾದವ್ನ ಮುಂದ?"

ನಾನು ಚೀಲವನ್ನೂ ಕೆಳಗಿಡದೆ ಎಲ್ಲ ಹೇಳಿದೆ. ಹಣಿಗೆ ಒಗೆದದ್ದು, ಹೋಗಲೇ ಎಂದದ್ದು. ನಲವತ್ತೊಂದು ವರ್ಷಕ್ಕೆ ಮೊದಲ ಸಲ. ಮುಗಿಸಿದಾಗ ಅವ್ವನ ಮುಖ ಕೆಂಪಾಗಿತ್ತು. ಸಿಟ್ಟು ನನಗೆ ಯಾರ ಕಡೆಯಿಂದ ಬಂದದ್ದೆಂದು ಆಗ ತಿಳಿಯಿತು.

"ಸುಳ್ಳು" ಎಂದಳು. "ಎರಡೂ ಜಡಿ ಹಾಕಿದ್ದಿ ನೀನು."

"ಇಲ್ಲವ್ವ, ನನಗ ನೆನಪೈತಿ."

"ನಿನಗ ಕನಸು ನೆನಪೈತಿ. ನಾ ಕೈಯಾರ ಬಿಚ್ಚೀನಿ. ಕಾಲುವಿಂದ ತಂದು ಇಲ್ಲೇ, ಈ ಅಂಗಳದಾಗ ಮಲಗ್ಸಿದ್ರು. ಎಣ್ಣಿ ಹಚ್ಚಬೇಕು, ಜಡಿ ಬಿಚ್ಚಬೇಕು. ರಿಬ್ಬನ್ ನೀರಾಗ ನೆನದು ಗಂಟು ಬಿಗದಿತ್ತು. ಉಗುರಿಗೆ ಬರ್ಲಿಲ್ಲ. ಹಲ್ಲಿಲೆ ಬಿಚ್ಚೀನಿ. ಎರಡೂ. ಆ ರುಚಿ ಇನ್ನಾ ಬಾಯಾಗ ಐತಿ ನನಗ. ಒಂದ ಅಂತ ಹೇಳ್ತಿಯೇನು ನೀ?"

ನಾನು ಚೀಲ ಕೆಳಗಿಟ್ಟೆ.

"ನೀ ಹಾಕಿದ್ದಿ, ಪೌಡರ್ ಹಚ್ಚಿದ್ದಿ, ಶಾಲಿಗೆ ತಯಾರ ಮಾಡಿ ಬಿಟ್ಟಿದ್ದಿ. ಕಾಲುವಿಗೆ ಕಳ್ಸಿದಾಕಿ ನಾನು. ಚರಿಗಿ ತೊಳ್ಕೊಂಡು ಬಾ, ಜಲ್ದಿ ಬಾ ಅಂದೆ. ಕೇಳಿದಿಯಾ? ನಾನು."

"ಮತ್ತ ನನಗ್ಯಾಕ ಹೇಳ್ಲಿಲ್ಲ?" ಎಂದು ಕೂಗಿದೆ. ಎಂಬತ್ತು ವರ್ಷದ ತಾಯಿಯ ಮೇಲೆ ಹಾಗೆ ಕೂಗಬಾರದು. ಕೂಗಿದೆ. "ಇಷ್ಟು ವರ್ಷ ನಾ ಕೊಂದೀನಿ ಅಂತ ತಿಳ್ಕೊಂಡೀನಿ. ಯಾಕ ಹೇಳ್ಲಿಲ್ಲ?"

"ನೀ ಕೇಳಿದ್ದೇನು? ಮೆಟ್ಲ ಮ್ಯಾಲೆ ಕುಂತ ಯಾರಿಗೋ ಹೇಳಿದಿ. ಒಳಗ ಮಲಗಿದಾಕಿಗೆ ಹೇಳ್ಲಿಲ್ಲ. ಹಡದಾಕಿ ನಾನು!"

ಎದುರುಮನೆಯ ಕಿಟಕಿ ಮೆಲ್ಲಗೆ ತೆರೆಯಿತು. "ಮುಚ್ಚಲೇ ಹುಲಿಗಿ!" ಎಂದು ಅವ್ವ ಗದರಿಸಿದಳು, ಮುಚ್ಚಿತು. ಆ ಸಂಜೆ ನಾವು ಜಗಳಾಡಿದಷ್ಟು ಜನ್ಮದಲ್ಲಿ ಆಡಿರಲಿಲ್ಲ. ಅಪ್ಪನ ಮೇಲೆ ಸಿಟ್ಟಾದೆವು, ಫೋಟೋ ತೆಗೆಸಲಿಲ್ಲವೆಂದು. ಸಂಡೂರಿಗೆ ಕಳಿಸಿದ್ದಕ್ಕೆ ನಾನು ಅವಳ ಮೇಲೆ, ಹೋಗುವಾಗ ಹಿಂದಿರುಗಿಯೂ ನೋಡಲಿಲ್ಲವೆಂದು ಅವಳು ನನ್ನ ಮೇಲೆ. ಪಂಪಿಯ ಕಿವಿಯ ಹಿಂದೆ ಮಚ್ಚೆ ಇತ್ತೆಂದು ನಾನು, ಅದು ಮಚ್ಚೆಯಲ್ಲ, ದೀಪಾವಳಿಯ ಸುಟ್ಟ ಗಾಯ ಎಂದು ಅವಳು. ಪಂಪಿ, ಪಂಪಿ ಎಂದು ಎಷ್ಟು ಸಲ ಹೇಳಿದೆವೋ. ಅಡುಗೆ ಮಾಡಲಿಲ್ಲ. ಕತ್ತಲಾಗುವ ಹೊತ್ತಿಗೆ ಹುಲಿಗೆಮ್ಮ ರೊಟ್ಟಿ, ಕಾಳು ಪಲ್ಯ ತಂದು ಮಾತಾಡದೆ ಇಟ್ಟು ಹೋದಳು.

ಉಣ್ಣುತ್ತ ನಾನು, "ಸಿನೆಮಾ ನೋಡ್ತಿಯೇನವ್ವ? ಕರ್ಕೊಂಡು ಹೋಗ್ತೀನಿ" ಎಂದೆ.

"ಯಾಕ ನೋಡ್ಲಿ? ನನ್ನ ಮಗಳನ್ನ ನಾ ನೋಡೀನಿ" ಎಂದಳು. ರೊಟ್ಟಿ ಮುರಿಯುತ್ತ, "ನೋಡದವ್ರಿಗೆ ಏನೈತಿ ಹೇಳು. ನಾ ಹೋದ ಮ್ಯಾಲೆ, ನೀನೂ ಹೋದ ಮ್ಯಾಲೆ, ಆ ಸಿನೆಮಾದ ಡಾಕ್ಟರಮ್ಮ ಹೇಳಿದ್ದ ಖರೆ ಆಗ್ತೈತಿ. ಒಂದು ಚೀಟಿಯಾಗರ ಆಕಿ ಹೆಸರು ಐತೇನು?" ಎಂದಳು.

ಇದೆ ಎಂದು ನನಗೆ ಆಗ ಹೊಳೆಯಿತು. ಮೂವತ್ತು ವರ್ಷದಿಂದ ಮೇಷ್ಟರಿಕೆ ಮಾಡುವವಳಿಗೆ ಮೊದಲೇ ಹೊಳೆಯಬೇಕಿತ್ತು. ಪಂಪಿ ಎರಡನೆಯ ತರಗತಿಯಲ್ಲಿದ್ದಳು. ಶಾಲೆಯ ದಾಖಲಾತಿ ಪುಸ್ತಕವನ್ನು ಯಾರೂ ಎಸೆಯುವಂತಿಲ್ಲ.

ಮರುದಿನ ರಜೆ ಹಾಕಿ ಅವ್ವನನ್ನು ಆಟೋದಲ್ಲಿ ಕೂರಿಸಿಕೊಂಡು ಪಂಪಿಯ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯ ವಯಸ್ಸಿನಲ್ಲಿ ಸಣ್ಣವನು, ಒಳ್ಳೆಯವನು. ಅವ್ವನಿಗೆ ಕುರ್ಚಿ ಹಾಕಿ, ಬೀರುವಿನಿಂದ ಹಳೆಯ ಪುಸ್ತಕಗಳನ್ನು ಇಳಿಸಿ, ಅರ್ಧ ಗಂಟೆ ಹುಡುಕಿದ. ಸಿಕ್ಕಿತು. ಕಂದು ತಿರುಗಿದ ಹಾಳೆ, ಯಾರೋ ಮೇಷ್ಟರ ಓರೆ ಅಕ್ಷರ: ಪಂಪಾವತಿ. ಮುಂದೆ ಅಪ್ಪನ ಹೆಸರು, ಹುಟ್ಟಿದ ತಾರೀಖು, ಊರು. ನಾನು ತೋರಿಸಿದ ಸಾಲಿನ ಮೇಲೆ ಅವ್ವ ಬೆರಳಿಟ್ಟಳು, ಎತ್ತಲಿಲ್ಲ.

"ಕಡೀಗೆ ಏನು ಬರದಾರ?" ಎಂದು ಕೇಳಿದಳು. ಸಾಲು ಉದ್ದವಿರುವುದನ್ನು ಕಂಡಿದ್ದಳು.

ನಾನು ಆಗಲೇ ಓದಿಕೊಂಡಿದ್ದೆ. ಮುಖ್ಯೋಪಾಧ್ಯಾಯನ ಕಡೆ ನೋಡಿದೆ. ಅವನು ಓದಿದ: "ಶಾಲೆ ಬಿಟ್ಟ ಕಾರಣ, ದೀರ್ಘ ಗೈರುಹಾಜರಿ."

"ಅಂದ್ರ?"

"ಭಾಳ ದಿವ್ಸ ಶಾಲಿಗೆ ಬರ್ಲಿಲ್ಲ ಅಂತ ಹೆಸರು ತಗದಾರಮ್ಮ. ಯಾರೂ ಬಂದು ತಿಳಿಸಿರಂಗಿಲ್ಲ, ಹಂಗಾಗಿ."

ಯಾರು ತಿಳಿಸಬೇಕಿತ್ತು? ಮನೆಯಲ್ಲೇ ಯಾರೂ ಮಾತಾಡಿರಲಿಲ್ಲ. ಅವ್ವ ಮೇಜು ಹಿಡಿದು ಎದ್ದು ನಿಂತಳು.

"ನನ್ನ ಮಗಳು ಶಾಲಿ ತಪ್ಪಿಸಾಕಿ ಅಲ್ಲ. ಜ್ವರ ಬಂದ್ರೂ ಹೋಗ್ತಿದ್ಳು. ಬ್ಯಾಡ ಅಂದ್ರ ಕಿಟಕಿಯಾಗಿಂದ ಜಿಗದು ಹೋಗ್ತಿದ್ಳು. ಅಳಸ್ರಿ ಅದನ್ನ. ಸತ್ತಾಳ ಅಂತ ಬರೀರಿ."

"ಹಳೇ ಪುಸ್ತಕದಾಗ ನಾ ಕೈ ಹಚ್ಚಂಗಿಲ್ಲಮ್ಮ. ಮೇಡಮ್ಮರಿಗೆ ಗೊತ್ತೈತಿ."

ಗೊತ್ತಿತ್ತು. ನನ್ನ ಶಾಲೆಯಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಇನ್ನೂ ಗಡುಸಾಗಿ. ಅವ್ವ ಮತ್ತೆ ಕುಳಿತಳು, ಸೆರಗು ಹೊದ್ದುಕೊಂಡಳು. "ಬರಿಯೋ ಮಟ ಕುಂದರ್ತೀನಿ" ಎಂದಳು. 

ಹೊರಗೆ ಗಂಟೆ ಹೊಡೆಯಿತು, ಮಕ್ಕಳು ಬಿಸಿಯೂಟಕ್ಕೆ ಓಡಿದರು, ತಟ್ಟೆಗಳ ಸದ್ದಾಯಿತು, ನಿಂತಿತು. ಅವ್ವ ಕುಳಿತೇ ಇದ್ದಳು. ಕೊನೆಗೆ ಮುಖ್ಯೋಪಾಧ್ಯಾಯ ಒಂದು ಬಿಳಿ ಹಾಳೆ ನನ್ನ ಮುಂದಿಟ್ಟು, "ಅರ್ಜಿ ಬರ್ಕೊಡ್ರಿ ಮೇಡಂ. ತಾಯಿ ಸೈನ್ ಇರ್ಲಿ. ಮ್ಯಾಲಿನ ಆಫೀಸಿಗೆ ನಾನ ಒಯ್ದು ಕೊಡ್ತೀನಿ. ಏನಂತಾರೋ ಗೊತ್ತಿಲ್ಲ, ಆದ್ರ ಒಯ್ತೀನಿ" ಎಂದ.

ಅವ್ವ ಹೇಳಿದಳು, ನಾನು ಬರೆದೆ. ನಡುನಡುವೆ "ಏನು ಬರದಿ, ಓದು" ಎನ್ನುತ್ತಿದ್ದಳು. ಓದುತ್ತಿದ್ದೆ. "ಸಣ್ಣ ದನಿಲೆ ಓದ್ಬ್ಯಾಡ" ಎನ್ನುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಮಗ್ಗಿ ಹೇಳುತ್ತಿದ್ದ ಮಕ್ಕಳು ನಿಲ್ಲಿಸಿ ಕಿವಿಗೊಟ್ಟರು. ಬರೆದು ಮುಗಿದ ಮೇಲೆ ಪೆನ್ನು ಅವ್ವನ ಕೈಗೆ ಕೊಟ್ಟೆ. ಅವಳಿಗೆ ತನ್ನ ಹೆಸರಿನ ಮೂರು ಅಕ್ಷರ ಬರುತ್ತದೆ, ಅಷ್ಟೇ. ಅದನ್ನು ಎಷ್ಟು ಒತ್ತಿ ಬರೆದಳೆಂದರೆ ಎರಡನೆಯ ಅಕ್ಷರಕ್ಕೆ ಹಾಳೆ ಹರಿಯಿತು.

ಇನ್ನೊಂದು ಹಾಳೆ ತೆಗೆದುಕೊಂಡು ಮೊದಲಿನಿಂದ ಬರೆದೆ. ನನ್ನ ಮಗಳು ಪಂಪಾವತಿ ಶಾಲೆ ಬಿಟ್ಟವಳಲ್ಲ.